ನೋಟು ಉಳಿಸಿ ಚಳವಳಿ

ಲಾಠಿ ಏಟಿಗೆ ಬಗ್ಗದ ಬೆನ್ನು ನನ್ನದು. ಕಾವೇರಿ ನೀರಿಗಾಗಿ ರಸ್ತೆಗೆ ಅಡ್ಡ ಮಲಗಿದ್ದೇನೆ, ಕಬ್ಬಿನ ಬೆಲೆಗಾಗಿ ಮಂಡ್ಯದ ಜೈಲಿನಲ್ಲಿ ಮುದ್ದೆ ಮುರಿದಿದ್ದೇನೆ. (ಮನೆಯ ಮುದ್ದೆಗಿಂತ ಮೆದುವಾಗಿತ್ತು. ನನ್ನ ಹೆಂಡತಿ ಪಟ್ಟಲಮ್ಮನಿಗೆ ಹೇಳಬೇಡಿ.) ಅಂಥ ನನ್ನನ್ನು ಮದ್ದೂರಿನ ಹೋಟೆಲೊಂದು ಅವಮಾನಿಸಿತು. ಗಲ್ಲಾದ ಮುಂದೆ ಬೋರ್ಡು: ‘ನಗದು ಪಡೆಯುವುದಿಲ್ಲ. ಫೋನಿನಲ್ಲೇ ಪಾವತಿಸಿ.’ ನನ್ನ ನೋಟನ್ನು ಮಾಲೀಕ ಸತ್ತ ಇಲಿಯನ್ನು ನೋಡಿದಂತೆ ನೋಡಿದ.

ಮನೆಗೆ ಬಂದವನೇ ಕಾಲೇಜಿಗೆ ಹೋಗುವ ಮಗಳು ಚಂದನಳನ್ನು ವಿಚಾರಣೆಗೆ ನಿಲ್ಲಿಸಿದೆ.

“ನಿಮ್ ವಯಸ್ಸಿನೋರ್ಗೆ ಏನ್ ರೋಗ ಬಂದದವ್ವಾ? ನೋಟ್ ಮುಟ್ಟುದ್ರೆ ಕಚ್ಚೀತಾ?”

“ಬಸ್ಸಲ್ಲಿ ಕಂಡಕ್ಟ್ರು ಚಿಲ್ರೆ ಬದ್ಲು ಟಿಕೇಟ್ ಹಿಂದ್ಗಡೆ ಬರ್ಕೊಡ್ತಾನಲ್ಲಪ್ಪ, ಯಾವತ್ತಾರ ಇಸ್ಕೊಂಡಿದ್ದೀಯಾ?”

“ಅದ್ ಬುಡು, ಬ್ಯಾರೆ ಏಳು” ಎಂದೆ.

“ಗೆಳತೀರೆಲ್ಲ ಗೋಬಿ ತಿಂದ್ರೆ ದುಡ್ಡ ಅಲ್ಲೇ ಹಂಚ್ಕತೀವಿ. ಎಲ್ರೂ ಫೋನ್ ತೆಗುದ್ರೆ ನಾನೊಬ್ಳೇ ಪರ್ಸ್ ಬಿಚ್ಚುಲಾ? ಮ್ಯಾಲೆ ಬಹುಮಾನಾನೂ ಬತ್ತದೆ.”

“ಇಲ್ಲೀಗಂಟ ಏನ್ ಬಂದದೆ?”

“ಶಾಂಪೂ ಮ್ಯಾಲೆ ರಿಯಾಯ್ತಿ.”

ನಾಡಿನ ಯುವಶಕ್ತಿಯನ್ನು ಕೊಳ್ಳಲು ಶಾಂಪೂ ಸಾಕಾಯಿತೇ! (ನಮ್ಮ ಕಾಲದಲ್ಲಿ ಕನಿಷ್ಠ ಬಿರಿಯಾನಿಯಾದರೂ ಕೊಡುತ್ತಿದ್ದರು.)

“ಶತ್ರು ಆಯುಧ ತಿಳ್ಕಂಡಿರಪ್ಪ” ಎಂದು ಚಂದನ ನನ್ನ ಫೋನಿಗೂ ಆ್ಯಪ್ ಹಾಕಿ, ಅದನ್ನು ಪಟ್ಟಲಮ್ಮನ ಖಾತೆಗೆ ಜೋಡಿಸಿದಳು. ಡೈರಿಯ ಹಾಲಿನ ದುಡ್ಡು ಬೀಳುವುದು ಅದೇ ಖಾತೆಗೆ. ಖರ್ಚು ನನ್ನದು, ದುಡ್ಡು ಅವಳದು! ತತ್ವವನ್ನು ಕೊಂಚ ಹೊತ್ತು ಜೇಬಿಗಿಳಿಸಿ ಒಪ್ಪಿಕೊಂಡೆ.

ಮಾರನೆಯ ದಿನ ಹೋಟೆಲಿನ ಎದುರು ಶಾಮಿಯಾನ, ಹಸಿರು ಟವೆಲ್ಲು, ಆಮರಣ ಉಪವಾಸ. ಹಳೆಯ ಗೆಳೆಯ ಚಿಕ್ಕಬೋರಯ್ಯ ಮೈಕಿನಲ್ಲಿ, “ನಮ್ಮಣ್ಣ ಪ್ರಾಣ ಬುಟ್ಟಾರು, ನೋಟ್ ಬುಡಕ್ಕಿಲ್ಲ!” ಎಂದು ಗರ್ಜಿಸಿದ. ಮಧ್ಯಾಹ್ನದವರೆಗೆ ನಾನೂ ಅದನ್ನು ನಂಬಿದ್ದೆ. ಆಮೇಲೆ ಗಾಳಿ ತಿರುಗಿತು. ಹೋಟೆಲಿನ ಬಾಣಲೆಯಿಂದ ಈರುಳ್ಳಿ, ಕರಿಬೇವು, ರವೆ ಬೆರೆತ ವಡೆಯ ಘಮ ನೇರ ನನ್ನ ಮೂಗಿಗೇ ನುಗ್ಗಿತು. ಪೊಲೀಸರ ಅಶ್ರುವಾಯು ಇದರ ಮುಂದೆ ಧೂಪ.

ಒಂದಕ್ಕೆ ಹೋಗುವ ನೆಪದಲ್ಲಿ ಎದ್ದು, ಟವೆಲ್ಲನ್ನು ಅಂಗಿಯೊಳಗೆ ತುರುಕಿ, ಹೋಟೆಲಿನ ಹಿಂಬಾಗಿಲಿಗೆ ಹೋದೆ. ನೋಟು ಚಾಚಿದೆ. ಮಾಲೀಕ ಗೋಡೆಗಂಟಿಸಿದ ಕ್ಯೂಆರ್ ಕೋಡಿನ ಚೌಕುಳಿ ಚೀಟಿ ತೋರಿಸಿದ. ಚಳವಳಿಯ ಇತಿಹಾಸದ ಆ ಘಳಿಗೆಯಲ್ಲಿ ನಾನು ಫೋನು ತೆಗೆದೆ. ಎರಡು ವಡೆ.

ತುಟಿ ಒರೆಸಿಕೊಂಡು ಬಂದು ನರಳುತ್ತ ಮಲಗಿದ್ದೆ. ಆಟೋದಿಂದ ಪಟ್ಟಲಮ್ಮ ಇಳಿದಳು. ಹಿಂದೆ ಚಂದನ, ಮಹಿಳಾ ಸಂಘದ ಹೆಂಗಸರು. ಬೆಂಬಲಕ್ಕೆ ಬಂದರೆಂದು ಇನ್ನೊಂದಿಷ್ಟು ನರಳಿದೆ.

“ಅತ್ಗೆ, ಅಣ್ಣ ಒಂದ್ ತೊಟ್ಟು ನೀರೂ ಮುಟ್ಟಿಲ್ಲ” ಎಂದು ಚಿಕ್ಕಬೋರಯ್ಯ ಕಣ್ಣೊರೆಸಿಕೊಂಡ.

“ಅದ್ಕೇ ಕಣಪ್ಪ, ವಡೆ ಗಂಟ್ಲಲ್ಲೇ ಸಿಕ್ಕಾಕಂಡು ನರಳ್ತಾವ್ರೆ!” ಪಟ್ಟಲಮ್ಮ ಮೈಕಿನ ಮುಂದೆ ತನ್ನ ಫೋನು ಎತ್ತಿ ಹಿಡಿದಳು. “ಇವ್ರು ಒಂದ್ರುಪಾಯ್ ಬಿಚ್ಚುದ್ರೂ ನಂಗೆ ಮೆಸೇಜ್ ಬತ್ತದೆ. ಮಗ್ಳು ಅಂಗೇ ಮಾಡವ್ಳೆ. ನೋಡ್ಕಳಿ, ಇದೇ ಓಟ್ಲು!”

ಜನ ನಕ್ಕರು. ಮಾಲೀಕನಂತೂ ಗಲ್ಲಾ ಬಿಟ್ಟು ಬಂದು ನಕ್ಕ. ಚಿಕ್ಕಬೋರಯ್ಯನ ಹೆಂಡತಿ ಚಲುವಮ್ಮ ಮಾತ್ರ ನಗಲಿಲ್ಲ. ಚಂದನಳ ಪಕ್ಕ ಸರಿದು, “ಮಗಾ, ನಮ್ಮೋರ್ ಫೋನ್ಗೂ ಇದ ಆಕ್ಕೊಡವ್ವ” ಎಂದಳು. ಚಿಕ್ಕಬೋರಯ್ಯನ ಕೈಯಿಂದ ಮೈಕು ಜಾರಿತು. ಹೆಂಗಸರು ಗಂಡಂದಿರ ಜೇಬಿಗೆ ಕೈಹಾಕಿ ಸಾಲುಗಟ್ಟಿದರು. ನನ್ನ ಯಾವ ಭಾಷಣಕ್ಕೂ ಅಷ್ಟು ಜನ ಸೇರಿರಲಿಲ್ಲ.

ಪದ್ಧತಿಯಂತೆ ಉಪವಾಸ ಮುರಿಯಲು ಎಳನೀರು ಬಂತು. ಕುಡಿದು ಮುಗಿಸುವಷ್ಟರಲ್ಲಿ ಎಳನೀರಿನವನೂ ಚೌಕುಳಿ ಚೀಟಿ ಮುಂದೆ ಹಿಡಿದ.

“ಕೊಡಿ, ಕೊಡಿ. ನಾಚ್ಕೆ ಏನು?” ಎಂದಳು ಪಟ್ಟಲಮ್ಮ.

ಎಲ್ಲರೆದುರು ಫೋನು ತೆಗೆದು ಒತ್ತಿದೆ. ಅವಳ ಎಲೆಅಡಿಕೆ ಚೀಲದೊಳಗಿಂದ ‘ಟಿಣ್’ ಎಂದಿತು.