ಒಂದು ‘ಯಾ’ ಹೆಚ್ಚಾಯಿತು

ಜರ್ಮನ್ ಭಾಷೆ ಕಲಿಯುವ ಅಗತ್ಯ ನನಗಿಲ್ಲ ಎಂದು ಡ್ಯೂಸೆಲ್ಡಾರ್ಫಿಗೆ ಬಂದಿಳಿದ ವಾರದಲ್ಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಕಂಪ್ಯೂಟರ್ ಕೆಲಸದವರು ಬೇಕೆಂದು, ಅಮೆರಿಕದವರ ಹಾಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡವರು ಜರ್ಮನಿಯವರೇ. ಆಫೀಸು ನಡೆಯುವುದು ಇಂಗ್ಲಿಷಿನಲ್ಲಿ. ಬೀದಿಯ ವ್ಯವಹಾರಕ್ಕೆ ‘ಯಾ’ ಸಾಕು. ‘ಯಾ’ ಎಂದರೆ ಹೌದು. ನಾನೋ ಉಡುಪಿಯವನು. ಹಿರಿಯರು ಮಾತಾಡುವಾಗ ಒಂದೇ ಸಲ ‘ಹೌದು’ ಎಂದರೆ ಮಾತು ಕತ್ತರಿಸಿದ ಹಾಗಾಗುತ್ತದೆ. ‘ಹೌದು ಹೌದು’ ಎಂದರೆ ಮರ್ಯಾದೆ. ಆದ್ದರಿಂದ ನಾನು ಎಲ್ಲರಿಗೂ ‘ಯಾ ಯಾ’ ಎನ್ನುತ್ತಿದ್ದೆ. ಒಂದೇ ಶಬ್ದದಲ್ಲಿ ಭಾಷೆಯನ್ನೂ ವಿನಯವನ್ನೂ ಸಾಧಿಸಿದ ಮಹಾನುಭಾವ ನಾನು!

“ರೀ, ಸಂಜೆ ಜರ್ಮನ್ ಕ್ಲಾಸ್ ಇದೆಯಂತೆ. ಇಬ್ರೂ ಸೇರ್ಕೊಳ್ಳೋಣ,” ಎಂದಿದ್ದಳು ಹೆಂಡತಿ ಶೈಲಾ.

“ಎಂತಕ್ಕೆ ಮಾರಾಯ್ತಿ? ಇಲ್ಲಿ ಇರುವುದೇ ಐದು ವರ್ಷ,” ಎಂದಿದ್ದೆ ನಾನು.

ಅವಳಿಗೆ ಕೆಲಸ ಮಾಡಲು ಅನುಮತಿ ಇರಲಿಲ್ಲ. ಏಳನೆಯ ಮಹಡಿಯ ಒಂಟಿ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ. ಸಾರಿಗೆ ಒಗ್ಗರಣೆ ಹಾಕಿದರೆ ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿಯುತ್ತಿದ್ದಳು. ಆ ಊರಿನಲ್ಲಿ ಶೈಲಾಳ ಬಾಗಿಲು ಬಡಿದವಳು ಅವಳೊಬ್ಬಳೇ. ಒಂದು ಸಂಜೆ ಶೈಲಾ ಹೇಳಿದಳು, “ನೋಡಿ, ಮನುಷ್ಯರು ಮಾತಾಡ್ಸೋ ಕಡೆ ಮನೆ ಹುಡುಕಿ. ಇಲ್ಲಾಂದ್ರೆ ನಾನು ಊರಿಗೆ ಹೋಗ್ತೀನಿ.” ಅಳುತ್ತಾ ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ಬಟ್ಟೆ ಮಡಚುತ್ತಾ ಹೇಳಿದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸಹೋದ್ಯೋಗಿ ಇಮ್ತಿಯಾಜ್ ದಾವಣಗೆರೆಯವನು. ಜರ್ಮನ್ ಚೆನ್ನಾಗಿ ಕಲಿತಿದ್ದ. ಡ್ಯೂಸ್‌ಬುರ್ಗಿನ ಅಂಚಿನಲ್ಲಿ, ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಯೊಂದರಲ್ಲಿ, ವಯಸ್ಸಾದ ದಂಪತಿಯ ಮನೆಯ ಮಹಡಿ ಖಾಲಿಯಿದೆ ಎಂದು ಪತ್ತೆಮಾಡಿದವನು ಅವನೇ. ಫೋನ್ ಮಾಡಿ ಭಾನುವಾರ ಮಧ್ಯಾಹ್ನ ಮನೆ ನೋಡಲು ಒಪ್ಪಿಸಿದವನೂ ಅವನೇ.

“ನಾನೂ ಬರ್ತೀನಿ ಗುರು. ಅವ್ರಿಗೆ ಇಂಗ್ಲಿಷ್ ಬರಲ್ಲ.”

“ಬೇಡ ಮಾರಾಯ. ನಾನು ಮ್ಯಾನೇಜ್ ಮಾಡ್ತೇನೆ,” ಎಂದೆ. ಇಂಟರ್‌ವ್ಯೂಗೆಂದು ಹೊಲಿಸಿದ್ದ ಕ್ರೀಮ್ ಬಣ್ಣದ ಪ್ಯಾಂಟು ಹಾಕಿಕೊಂಡು ಭಾನುವಾರ ಶೈಲಾಳೊಂದಿಗೆ ಹೊರಟೆ.

ಟ್ರಾಮಿನಿಂದ ಇಳಿದು ಸುತ್ತ ನೋಡಿದೆ. ಸಾಲಾಗಿ ಇಟ್ಟಿಗೆಯ ಮನೆಗಳು. ಯಾವ ಕಾಲದ ಮಸಿಯೋ, ಗೋಡೆಗಳೆಲ್ಲ ಕಪ್ಪು. ಸಾಲಿನ ಕೊನೆಯಲ್ಲಿ ಹೊಗೆಯಿಲ್ಲದ ಚಿಮಣಿಗಳು. “ಇದೆಂತದು, ಮಂಗಳೂರಿನ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದ ಹಾಗೆ ಉಂಟಲ್ಲ!” ಎಂದು ಮೂಗು ಮುರಿದೆ.

“ರೀ! ನಮ್ಮ ಭದ್ರಾವತಿ!” ಎಂದಳು ಶೈಲಾ.

ಅವಳ ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ಅವಳು ಹುಟ್ಟಿ ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. “ಇವು ಕ್ವಾರ್ಟರ್ಸೇ ಕಣ್ರೀ. ನೋಡಿ, ಎರಡು ಮನೆಗೆ ಒಂದೇ ಗೋಡೆ. ಹಿಂದ್ಗಡೆ ತರಕಾರಿ ಹಾಕಿದ್ದಾರೆ. ನಮ್ಮಮ್ಮ ಬಸಳೆ ಹಬ್ಬಿಸ್ತಿದ್ರು ಹೀಗೇ.” ಜರ್ಮನಿಗೆ ಬಂದ ಮೇಲೆ ಅವಳು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಬಡಾವಣೆಯ ಆಚೆ ಒಂದು ಹಸಿರು ಗುಡ್ಡ ಕಾಣಿಸಿತು. ಗಂಡನಾದವನು ಏನಾದರೂ ತೋರಿಸಬೇಕಲ್ಲ? “ಬಾ, ಮೇಲಿಂದ ವ್ಯೂ ನೋಡುವ,” ಎಂದೆ.

“ಅದು ಗುಡ್ಡ ಅಲ್ಲ ರೀ, ಕಾರ್ಖಾನೇಲಿ ಕಬ್ಬಿಣ ಕರಗಿಸಿ ಉಳಿದ ಕಿಟ್ಟ ಸುರಿದಿರೋದು. ಮೇಲೆ ಹುಲ್ಲು ಬೆಳೆದಿದೆ ಅಷ್ಟೆ. ಜಾರುತ್ತೆ.”

“ನನಗೆ ಗುಡ್ಡ ಗೊತ್ತಿಲ್ವಾ?”

ಹತ್ತುವಾಗ ನಡೆದು ಹತ್ತಿದೆ. ಇಳಿಯುವಾಗ ಕೂತುಕೊಂಡೇ ಇಳಿದೆ. ಕ್ರೀಮ್ ಪ್ಯಾಂಟಿನ ಹಿಂಭಾಗ ದೋಸೆ ಕಾವಲಿಯ ಬಣ್ಣಕ್ಕೆ ತಿರುಗಿತ್ತು!

ಮುಂದೆ ಕಾರ್ಖಾನೆಯ ದೊಡ್ಡ ಗೇಟು ಸಿಕ್ಕಿತು. ಹೊಗೆ ಇಲ್ಲ ಎಂದರೆ ಮ್ಯೂಸಿಯಂ ಎಂದೇ ಅರ್ಥ ಎಂದು ಊಹಿಸಿ, ಕಿಟಕಿಯೊಳಗೆ ಕೂತಿದ್ದ ಕಾವಲುಗಾರನಿಗೆ ಎರಡು ಬೆರಳು ತೋರಿಸಿ “ಟಿಕೆಟ್” ಎಂದೆ. ಆತ ಗಂಭೀರವಾಗಿ ಏನೋ ವಿವರಿಸತೊಡಗಿದ. “ಯಾ ಯಾ,” ಎಂದೆ ಮುಗುಳ್ನಕ್ಕು. ಆತ ಕಿಟಕಿ ಮುಚ್ಚಿದ. ಮೂಲೆಯ ಗೂಡಂಗಡಿಯಲ್ಲಿ ನೀರಿನ ಬಾಟಲಿ ಕೊಂಡೆ. ಅಂಗಡಿಯಾಕೆ ನನ್ನ ಪ್ಯಾಂಟು ನೋಡಿ ಕನಿಕರದಿಂದ ಏನೋ ಕೇಳಿದಳು. “ಯಾ ಯಾ,” ಎಂದೆ. ಚಿಲ್ಲರೆಯನ್ನು ಕಟ್ಟೆಯ ಮೇಲೆ ಎಸೆದು ಬೆನ್ನು ತಿರುಗಿಸಿದಳು.

“ಈ ಊರಿನವರು ಸ್ವಲ್ಪ ಒರಟು,” ಎಂದು ಷರಾ ಬರೆದೆ.

“ನೀವೇ ಏನೋ ಅಂದಿರ್ಬೇಕು.”

“ಹೌದು ಅಂದದ್ದಲ್ಲದೆ ನಾನು ಬೇರೆ ಎಂತ ಹೇಳಿದ್ದೇನೆ?”

ಮನೆಯ ಯಜಮಾನರು ಕೊವಾಲ್ಸ್ಕಿ. ಎತ್ತರದ, ಬಾಗಿದ ಬೆನ್ನಿನ ಮುದುಕರು. ನನ್ನ ಪ್ಯಾಂಟು ನೋಡಿದ್ದೇ ಹೊಟ್ಟೆ ಹಿಡಿದು ನಕ್ಕು, ಒಳಗಿನಿಂದ ಬ್ರಷ್ ತಂದು ತಾವೇ ಝಾಡಿಸಿದರು. ಮಹಡಿಯಲ್ಲಿ ಎರಡು ಕೋಣೆ, ವಿಶಾಲವಾದ ಅಡುಗೆಮನೆ. ಶೈಲಾ ಮೊದಲು ಒಗ್ಗರಣೆಯ ಇತ್ಯರ್ಥಕ್ಕೇ ಕೈಹಾಕಿದಳು. ಬಾಣಲೆ ಹಿಡಿದಂತೆ, ಚಟಪಟ ಸಿಡಿದಂತೆ, ಆಮೇಲೆ ಸೀನಿದಂತೆ ಅಭಿನಯಿಸಿ ತೋರಿಸಿದಳು. ಯಜಮಾನಿ ನಗುತ್ತಾ ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದರು. ಅಷ್ಟೇ! ನನ್ನ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು.

ಕೆಳಗೆ ಕಾಫಿ, ಕೇಕು. ಶೈಲಾ ಚಿಮಣಿಯ ಕಡೆ ಕೈ ತೋರಿಸಿ, “ಮೈ ಫಾದರ್. ಇಂಡಿಯಾ. ಸೇಮ್,” ಎಂದು ಕರಗಿದ ಕಬ್ಬಿಣ ಹರಿಯುವುದನ್ನು ಕೈಯಲ್ಲೇ ತೋರಿಸಿದಳು. ಮುದುಕರು ಅವಳನ್ನೇ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ ಮೊಣಕೈವರೆಗಿನ ಸುಟ್ಟ ಕಲೆ ತೋರಿಸಿ, ತಗ್ಗಿದ ದನಿಯಲ್ಲಿ ಏನೋ ಹೇಳಲು ಶುರುಮಾಡಿದರು.

ಒಂದು ಶಬ್ದವೂ ಅರ್ಥವಾಗಲಿಲ್ಲ. ಆದರೆ ಮನೆ ಬೇಕಾದವನು ಹೂಂಗುಟ್ಟಬೇಡವೇ? “ಯಾ ಯಾ,” ಎಂದೆ.

ಅವರು ಮಾತು ನಿಲ್ಲಿಸಿ ನನ್ನನ್ನು ನೋಡಿದರು. ಕಣ್ಣು ಒರೆಸಿಕೊಂಡು ಇನ್ನಷ್ಟು ನಿಧಾನವಾಗಿ ಹೇಳಿದರು. ಮೇಜಿನಡಿ ಶೈಲಾಳ ಕಾಲು ನನ್ನ ಕಾಲನ್ನು ತುಳಿಯಿತು. ಜಾಗ ಇಕ್ಕಟ್ಟು ಎಂದುಕೊಂಡು ನನ್ನ ಕಾಲನ್ನು ಆಚೆ ಸರಿಸಿದೆ. “ಯಾ ಯಾ,” ಎಂದೆ, ಈ ಸಲ ಒಂದು ನಗೆಯನ್ನೂ ಸೇರಿಸಿ. ಭಾನುವಾರ ಟ್ರಾಮು ಕಡಿಮೆಯೆಂದು ನೆನಪಾಗಿ ಗಡಿಯಾರವನ್ನೂ ನೋಡಿಕೊಂಡೆ. ಮುದುಕರ ದನಿ ಒಡೆಯಿತು. ಯಜಮಾನಿ ಅವರ ಹೆಗಲ ಮೇಲೆ ಕೈಯಿಟ್ಟರು. ವಿನಯ ಸಾಲದಾಯಿತು ಎಂದು ನನಗನಿಸಿತು. “ಯಾ, ಯಾ, ಯಾ!”

ಕೊವಾಲ್ಸ್ಕಿಯವರು ಎದ್ದು, ನಾನು ಅರ್ಧ ಕುಡಿದಿದ್ದ ಕಾಫಿಯ ಕಪ್ಪನ್ನು ಎತ್ತಿಕೊಂಡು ಹೋದರು. ವಾಪಸು ಬಂದು ಶೈಲಾಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ನನಗೆ ಬಾಗಿಲು ತೋರಿಸಿದರು.

“ಪಾಪ, ಅವರಿಗೆ ಆಯಾಸ ಆಗಿರ್ಬೇಕು. ಮನೆ ಆಯ್ತು ಅಂತಲೇ ಇಟ್ಕೋ,” ಎಂದೆ ದಾರಿಯಲ್ಲಿ. ಶೈಲಾ ಟ್ರಾಮಿನಲ್ಲಿ ಬೇರೆ ಸೀಟು ಹುಡುಕಿಕೊಂಡು ಕೂತಳು.

ಸೋಮವಾರ ಇಮ್ತಿಯಾಜ್ ನೇರ ನನ್ನ ಮೇಜಿಗೆ ಬಂದ. “ಏನ್ ಮಾಡ್ಬಿಟ್ಟೆ ಗುರು? ಕೊವಾಲ್ಸ್ಕಿ ಫೋನ್ ಮಾಡಿದ್ರು. ಅವ್ರ ತಮ್ಮ ಅದೇ ಫರ್ನೇಸ್ ಹತ್ರ ಸುಟ್ಟು ಸತ್ತಿದ್ದಂತೆ. ಎಳೆಯೋಕೆ ಹೋಗಿ ಇವ್ರ ಕೈ ಸುಟ್ಟಿದ್ದು. ಈಗ ಆ ಕಾರ್ಖಾನೇನೂ ಮುಚ್ಚಿದ್ದಾರೆ. ಅದನ್ನ ಹೇಳ್ತಿದ್ರೆ ನೀನು ‘ಯಾ ಯಾ’ ಅಂದ್ಯಂತೆ!”

“ಮರ್ಯಾದೆಗೆ ಹೇಳಿದ್ದು ಮಾರಾಯ.”

“ಒಂದ್ಸಲ ಯಾ ಅಂದ್ರೆ ಹೌದು. ಎರಡ್ಸಲ ಹಂಗೆ ಎಳೆದು ಅಂದ್ರೆ ‘ಆಯ್ತಾಯ್ತು, ಸಾಕು ಬಿಡು’ ಅಂತ! ನೀನು ಮೂರ್ಸಲ ಬೇರೆ ಅಂದಿದೀಯ!”

ಕಾವಲುಗಾರನಿಗೆ, ಅಂಗಡಿಯಾಕೆಗೆ, ಆಫೀಸಿನ ಮ್ಯಾನೇಜರಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನಾನು ತಿಂಗಳುಗಟ್ಟಲೆ ಅತ್ಯಂತ ಗೌರವದಿಂದ ಬಾಯಿ ಮುಚ್ಚು ಎನ್ನುತ್ತಾ ಬಂದಿದ್ದೆ!

ಇಮ್ತಿಯಾಜ್ ಅಲ್ಲಿಂದಲೇ ಫೋನ್ ಮಾಡಿ, ಇವನಿಗೆ ಭಾಷೆ ಬಾರದು, ಕ್ಷಮಿಸಿ ಎಂದು ಬೇಡಿಕೊಂಡ. ಆ ಕಡೆಯ ಉತ್ತರ ಕೇಳಿ ಅವನ ಮುಖ ಇಳಿಯಿತು.

“ಏನಂತೆ?”

“‘ಯಾ ಯಾ’ನ ಕ್ಷಮಿಸ್ತಾರಂತೆ. ‘ನಾನು ಅಳ್ತಿರುವಾಗ ಅವನು ಗಡಿಯಾರ ನೋಡಿದ್ದು ಯಾವ ಭಾಷೆ’ ಅಂತ ಕೇಳ್ತಿದ್ದಾರೆ.”

ಮನೆ ಕೈತಪ್ಪಿತು. ಸಂಜೆ ಶೈಲಾಳಿಗೆ ಎಲ್ಲ ಹೇಳಿದೆ. ಅವಳು ಜಗಳವಾಡಲಿಲ್ಲ. “ನಂಗೂ ಜರ್ಮನ್ ಬರಲ್ಲ. ಅವ್ರು ಯಾರನ್ನೋ ಕಳ್ಕೊಂಡಿದ್ದಾರೆ ಅಂತ ನಂಗೆ ಗೊತ್ತಾಯ್ತಲ್ಲ?” ಎಂದಳು. ಆ ತಿಂಗಳೇ ಊರಿಗೆ ಹೊರಟುಹೋದಳು. ಹೆರಿಗೆಗೂ ಅಲ್ಲ, ಹಬ್ಬಕ್ಕೂ ಅಲ್ಲ. ಕೇಳಿದವರಿಗೆ ನಾನು ಅವಳಿಗೆ ಇಲ್ಲಿನ ಚಳಿ ಆಗಿಬರುವುದಿಲ್ಲ ಎಂದು ಸುಳ್ಳು ಹೇಳುತ್ತಿದ್ದೆ.

ನಾನು ಸಂಜೆ ಕ್ಲಾಸಿಗೆ ಸೇರಿದೆ. ಕೋಣೆಯಲ್ಲಿ ಮಾತಾಡುವವರು ಯಾರೂ ಇಲ್ಲದ್ದರಿಂದ ಓದಲು ಬೇಕಾದಷ್ಟು ಸಮಯವಿತ್ತು. ಪರೀಕ್ಷೆಯೂ ಆಯಿತು. ಟೇಪ್ ಹಾಕುತ್ತಾರೆ, ಕೇಳಿ ಉತ್ತರ ಬರೆಯಬೇಕು. ಆಲಿಸುವ ವಿಭಾಗದಲ್ಲಿ ಇಡೀ ತರಗತಿಗೆ ನಾನೇ ಮೊದಲು! ಖುಷಿ ತಡೆಯಲಾರದೆ ಭದ್ರಾವತಿಗೆ ಫೋನ್ ಮಾಡಿದೆ.

“ಕೇಳಿಸಿಕೊಳ್ಳುವುದರಲ್ಲಿ ನಾನೇ ಫಸ್ಟು, ಗೊತ್ತುಂಟಾ?”



“ಹೌದಾ?” ಎಂದಳು ಶೈಲಾ. “ಯಾರ ಮಾತು ಕೇಳಿಸ್ಕೊಂಡ್ರಿ?”

“ಟೇಪ್ ರೆಕಾರ್ಡರಿನದ್ದು,” ಎಂದೆ.