ಅಪ್ಪ ಸಲೂನಿನ ಮೆಟ್ಟಿಲು ಹತ್ತಿದ್ದು

ಗಾಜಿನ ಬಾಗಿಲಿನಾಚೆ ಯಾರೋ ಕೆಮ್ಮಿದರು.

ಲೋಕೇಶನ ಕೈಯಲ್ಲಿದ್ದ ಬಾಚಣಿಗೆ ಗಾಳಿಯಲ್ಲೇ ನಿಂತಿತು. ಹುಟ್ಟಿದಂದಿನಿಂದ ಕೇಳುತ್ತ ಬಂದ ಕೆಮ್ಮು ಅದು. ಹಜಾರದಲ್ಲಿ ಕೇಳಿಸಿದರೆ ಕಾಫಿ ತರಬೇಕು, ಬಚ್ಚಲಲ್ಲಿ ಕೇಳಿಸಿದರೆ ಟವೆಲು ಕೊಡಬೇಕು, ಗೇಟಿನ ಬಳಿ ಕೇಳಿಸಿದರೆ ಟಿ.ವಿ. ಆರಿಸಿ ಪಠ್ಯಪುಸ್ತಕ ತೆರೆಯಬೇಕು. ಸಲೂನಿನ ಬಾಗಿಲಲ್ಲಿ ಕೇಳಿಸಿದರೆ ಏನು ಮಾಡಬೇಕೆಂದು ಮಾತ್ರ ಅವನಿಗೆ ತಿಳಿಯದು. ಅಲ್ಲಿ ಅದು ಕೇಳಿಸಿದ್ದು ಅಂದೇ ಮೊದಲು.

ಪಟ್ಟಂದೂರು ಅಗ್ರಹಾರದ ಆ ಕಟ್ಟಡ ಅಪ್ಪ ದೊಡ್ಡಮುನಿಯಪ್ಪನವರದ್ದೇ. ಮೇಲಿನ ಮಹಡಿಯಲ್ಲಿ ಸಂಸಾರ, ನಡುವೆ ಐಟಿ ಪಾರ್ಕಿನ ಬಾಡಿಗೆ ಹುಡುಗರು, ನೆಲಮಟ್ಟದಲ್ಲಿ ಲೋಕೇಶನ ಸಲೂನು. ರಾಗಿ ಕೊಯ್ದ ವಂಶದಲ್ಲಿ ಹುಟ್ಟಿದವನು ಕಂಡವರ ಕೂದಲು ಕೊಯ್ಯಲು ನಿಂತನಲ್ಲ ಎಂದು ಅಪ್ಪನಿಗೆ ಮುನಿಸು. ಅಂಗಡಿ ತೆರೆದಂದಿನಿಂದ ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದರು, ಮುಖವನ್ನು ಎದುರಿನ ಬೇಕರಿಯ ಕಡೆ ತಿರುಗಿಸಿಕೊಂಡು. (ತಿರುಗಿಸಿ ತಿರುಗಿಸಿ ಒಂದು ದಿನ ಕತ್ತು ಹಿಡಿದುಕೊಂಡಾಗ ಮುಲಾಮು ತಿಕ್ಕಿದವನು ಲೋಕೇಶನೇ. ಆಗಲೂ ಮುಖ ಗೋಡೆಯ ಕಡೆಗಿತ್ತು.)

ಈಚೆಗಂತೂ ಅವರು ಕೂದಲು ಕತ್ತರಿಸುವುದನ್ನೇ ಬಿಟ್ಟಿದ್ದರು. ನರೆಗೂದಲು ಕಿವಿ ಮುಚ್ಚಿ, ಕಾಲರು ದಾಟಿ, ಹೆಗಲಿಗಿಳಿದಿತ್ತು. ನಿನ್ನ ಅಂಗಡಿಗೂ ಬರುವುದಿಲ್ಲ, ಇನ್ನೊಬ್ಬನ ಅಂಗಡಿಗೂ ಹೋಗುವುದಿಲ್ಲ ಎಂಬ ಸತ್ಯಾಗ್ರಹ ಇದೆಂದೇ ಲೋಕೇಶ ತಿಳಿದಿದ್ದ. ವೈಟ್‌ಫೀಲ್ಡಿನ ಎಷ್ಟೋ ತಲೆಗಳು ಅವನ ಕೈಗೆ ಬಂದಿದ್ದವು. ಬರಬೇಕಾದ ಒಂದು ತಲೆ ಬಂದಿರಲಿಲ್ಲ. ಆ ತಲೆ ಈಗ ಬಾಗಿಲು ತಳ್ಳಿಕೊಂಡು ಒಳಗೆ ಬಂತು.

"ನಿಮ್ಮವ್ವ ಕಾಡುಗೋಡಿಗೆ ತಮ್ಮನ ಮನೇಗೋಗವ್ಳೆ," ಎಂದರು ದೊಡ್ಡಮುನಿಯಪ್ಪನವರು, ಕಳ್ಳತನಕ್ಕೆ ಬಂದವರ ದನಿಯಲ್ಲಿ. "ಅವ್ಳು ಬರೋದ್ರೊಳ್ಗೆ ಬಿರ್ನೆ ಮುಗ್ಸು. ಸೆಕೆ ತಡೆಯಕ್ಕಾಯ್ತಿಲ್ಲ."

"ಅಮ್ಮ ಬೇಡ ಅಂತಾಳಾ?"

"ಕ್ಷೌರಕ್ಕೆ ನಂಜಪ್ಪನ ಅಂಗ್ಡಿಗೋಯ್ತೀನಿ ಅಂದಾಗೆಲ್ಲ ಮಂಗ್ಳಾರ ಅಂತಾಳೆ, ಸುಕ್ರಾರ ಅಂತಾಳೆ, ಅಮಾಸೆ ಅಂತಾಳೆ. ಮೊನ್ನೆ ಬುದ್ವಾರ ಒಂಟ್ರೆ, ಇವತ್ತು ನಿಮ್ಮಪ್ಪ ಉಟ್ಟಿದ್ ನಕ್ಷತ್ರ, ಕತ್ರಿ ಮುಟ್ಟಂಗಿಲ್ಲ ಅಂದ್ಲು. ನಮ್ಮಪ್ಪ ಉಟ್ಟಿದ್ದು ಇವಳ್ಗೆಂಗೋ ಗೊತ್ತು? ನಮ್ಮಪ್ಪಂಗೇ ಗೊತ್ತಿರ್ಲಿಲ್ಲ!"

ಕೌಂಟರಿನಲ್ಲಿ ಕುಳಿತಿದ್ದ ಲೋಕೇಶನ ಹೆಂಡತಿ ಮಂಜುಶ್ರೀ ನಗು ತಡೆಯಲು ದುಪಟ್ಟಾ ಬಾಯಿಗಿಟ್ಟುಕೊಂಡಳು.

ಲೋಕೇಶ ಅಪ್ಪನ ಕೊರಳಿಗೆ ಬಟ್ಟೆ ಕಟ್ಟಿದ. ಆದರೆ ಕತ್ತರಿ ಎತ್ತಿಕೊಳ್ಳಲಿಲ್ಲ. ಮಾತಾಗದೆ ಕತ್ತರಿ ಎತ್ತುವಂತಿಲ್ಲವೆಂಬುದು ಅವನ ಅಂಗಡಿಯ ಸಂವಿಧಾನ. ಹಿಂದೊಮ್ಮೆ ಬ್ರೂಕ್‌ಫೀಲ್ಡಿನ ಹುಡುಗನೊಬ್ಬ "ಸ್ವಲ್ಪ ಕಮ್ಮಿ ಮಾಡಿ" ಎಂದಿದ್ದ. ಅವನ ಸ್ವಲ್ಪವೇ ಬೇರೆ, ಲೋಕೇಶನ ಸ್ವಲ್ಪವೇ ಬೇರೆ. ಮಾರನೆಯ ದಿನ ಹುಡುಗನ ನಿಶ್ಚಿತಾರ್ಥ. ಪಾಪ, ಊಟದ ಹೊತ್ತಿನಲ್ಲೂ ಪೇಟ ತೆಗೆಯಲಿಲ್ಲವಂತೆ. ಅಂದಿನಿಂದ ಲೋಕೇಶ ಕೂಲಂಕಷವಾಗಿ ವಿಚಾರಿಸದೆ ಒಂದೆಳೆಯನ್ನೂ ಮುಟ್ಟುತ್ತಿರಲಿಲ್ಲ.

"ಅಪ್ಪ, ನೆತ್ತಿ ತುರಿಸುತ್ತಾ? ಎಣ್ಣೆ ಯಾವ್ದು ಹಚ್ತೀಯಾ? ಬಣ್ಣ ಏನಾದ್ರೂ ಹಾಕಿದ್ರೆ ಮೈಗಾಗಲ್ವಾ? ಬೈತಲೆ ಎಡಕ್ಕಾ, ಬಲಕ್ಕಾ?"

"ಲೋ, ಕ್ಷೌರ ಮಾಡ್ತೀಯೋ, ಎಣ್ ನೋಡಕ್ ಬಂದಿದ್ದೀಯೋ?"

"ಮಾವ, ನನ್ನ ನೋಡಕ್ಕೆ ಬಂದಾಗ್ಲೂ ಇಷ್ಟೆಲ್ಲ ಕೇಳಿರ್ಲಿಲ್ಲ ಇವ್ರು," ಎಂದಳು ಮಂಜುಶ್ರೀ.

"ನೀನ್ ಸುಮ್ನಿರೇ. ಅಪ್ಪ, ಕಡೇದೊಂದು. ನಿಂಗೆ ಹೆಂಗಿರ್ಬೇಕು ಅಂತ ಆಸೆ?"

ದೊಡ್ಡಮುನಿಯಪ್ಪನವರು ಬಟ್ಟೆಯಡಿಯಿಂದ ಕೈ ತೆಗೆದು ತಲೆಯನ್ನೊಮ್ಮೆ ಮುಟ್ಟಿಕೊಂಡರು. ಚಿಕ್ಕಂದಿನಲ್ಲಿ ಅವರ ತಲೆ ಹೇಗಿರಬೇಕೆಂದು ಅವರಪ್ಪ ಹೇಳಿದ್ದರು, ಆಮೇಲೆ ನಂಜಪ್ಪ ತನಗೆ ತೋಚಿದಂತೆ ಮಾಡಿದ್ದ, ಉಳಿದದ್ದನ್ನು ಹೆಂಡತಿ ಅಂಜನಮ್ಮ ನೋಡಿಕೊಂಡಿದ್ದರು. ಆ ತಲೆಯನ್ನು ಹೊತ್ತು ತಿರುಗಿದವರನ್ನು ಯಾರೂ ಏನೂ ಕೇಳಿರಲಿಲ್ಲ. ಅವರು ಕನ್ನಡಿಯೊಳಗಿನ ಮಗನನ್ನು ನೋಡಿದರು. ಎದುರೆದುರು ಆಡಲಾಗದ ಮಾತುಗಳಿಗೆ ಕನ್ನಡಿ ಒಳ್ಳೆಯ ಜಾಗ.

"ಮದ್ವೆ ಟೈಮಲ್ಲಿ ಇಂಗೆ ಇಂದಕ್ಕೆ ಬಾಚ್ತಿದ್ದೆ ಕಣೋ," ಎಂದರು ಮೆಲ್ಲಗೆ. "ಕಿವಿ ಮ್ಯಾಲೆ ಒಸಿ ದಪ್ಪ. ಗಾಳಿ ಬೀಸಿದ್ರೆ ಅಂಗೇ ಏಳೋದು."

ಲೋಕೇಶ ಕತ್ತರಿ ಎತ್ತಿಕೊಂಡ. ನರೆಗೂದಲು ಹತ್ತಿಯಂತೆ ಹಗುರವಾಗಿ ನೆಲಕ್ಕಿಳಿಯತೊಡಗಿತು. ಅಪ್ಪ ಕಣ್ಣು ಮುಚ್ಚಿದರು. ಆ ಹಣೆಯನ್ನು ಇಷ್ಟು ಹತ್ತಿರದಿಂದ ಅವನು ನೋಡಿಯೇ ಎಷ್ಟು ಕಾಲವಾಗಿತ್ತು! ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತಿನ ಹತ್ತಿರ ಬಂದಾಗ ಕತ್ತರಿ ತಾನಾಗಿಯೇ ನಿಧಾನವಾಯಿತು.

ಮುಗಿದಾಗ ಅಪ್ಪ ಕಣ್ಣು ತೆರೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡರು.

"ಪರ್ವಾಗಿಲ್ಲ," ಎಂದರು. (ಅವರ ನಿಘಂಟಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಬೋರ್‌ವೆಲ್ಲಿನಲ್ಲಿ ನೀರು ಚಿಮ್ಮಿದಾಗಲೂ ಅವರು ಅಷ್ಟೇ ಹೇಳಿದ್ದು.)

ಮಂಜುಶ್ರೀ ಸಂಭ್ರಮ ತಡೆಯಲಾರದೆ ಫೋಟೋ ತೆಗೆದು ಅತ್ತೆಗೆ ಕಳಿಸಿಯೇಬಿಟ್ಟಳು. 'ಅತ್ತೆ, ನಮ್ಮ ಅಂಗಡಿಗೆ ಯಾರು ಬಂದಿದ್ದಾರೆ ನೋಡಿ!' ಅಂಜನಮ್ಮನವರಿಂದ ಮರುಸಂದೇಶ ಬರಲಿಲ್ಲ. ಆಟೋದಲ್ಲಿ ಅವರೇ ಬಂದರು.

"ಅಯ್ಯೋ ನಮ್ಮಪ್ಪಾ ಮುನೇಶ್ವರಾ!" ಗಂಡನ ತಲೆ ಕಂಡೊಡನೆ ಅವರು ಸೋಫಾದ ಮೇಲೆ ಕುಸಿದರು. "ಓಯ್ತಲ್ಲೋ, ಎಲ್ಲಾ ಓಯ್ತಲ್ಲೋ ಲೋಕೇಸಾ!"

"ಏನ್ ಹೋಯ್ತಮ್ಮ? ಅಪ್ಪ ಬಂದಿದ್ದಾನೆ!"

"ಅದೇ ಕಣೋ! ಈ ಮನ್ಸ ಮುನಿಸು ಬಿಟ್ಟು ನಿನ್ ಅಂಗ್ಡಿ ಮೆಟ್ಲತ್ತಿದ್ರೆ ಇವ್ರ ಮುಡಿ ಕೊಡ್ತೀನಿ ಅಂತ ಮನೆದೇವ್ರಿಗೆ ಅರಕೆ ಒತ್ತಿದ್ದೆ. ಅದಕ್ಕೇ ಬೆಳೆಸ್ದೆ, ಅದಕ್ಕೇ ಕಾಯ್ದೆ. ಇಲ್ದಿರೋ ನಕ್ಷತ್ರಾನೆಲ್ಲ ಉಟ್ಟಿಸ್ದೆ!"

ದೇವರು ಮೆಟ್ಟಿಲ ಮೇಲೆ ವರ ಕೊಟ್ಟಿದ್ದ. ಮೆಟ್ಟಿಲು ದಾಟಿ ಕುರ್ಚಿ ಮುಟ್ಟುವಷ್ಟರಲ್ಲಿ ಅವನಿಗೆ ಸಲ್ಲಬೇಕಾದ ಕಾಣಿಕೆಯನ್ನು ಲೋಕೇಶನ ಕತ್ತರಿ ಆಪೋಶನ ತೆಗೆದುಕೊಂಡಿತ್ತು.

"ಒಂದ್ ಮಾತು ಹೇಳ್ಬಾರ್ದಾಗಿತ್ತಾ ಅಮ್ಮಾ?"

"ಅರಕೇನ ಯಾರಾದ್ರೂ ಈಡೇರೋಕ್ ಮುಂಚೆ ಬಾಯ್ಬಿಡ್ತಾರಾ? ನೀನ್ ಕೇಳ್ಬಾರ್ದಾಗಿತ್ತಾ? ಬಂದೋರ್ನೆಲ್ಲ ಎಣ್ಣೆ ಕೇಳ್ತೀಯ, ತುರಿಕೆ ಕೇಳ್ತೀಯ, ತಲೆ ಮ್ಯಾಲೆ ದೇವ್ರುದೇನಾದ್ರೂ ಐತಾ ಅಂತ ಕೇಳಕ್ಕಾಗ್ಲಿಲ್ವಾ?"

"ಇದೇನ್ ಅನ್ಯಾಯನೇ?" ಎಂದರು ದೊಡ್ಡಮುನಿಯಪ್ಪನವರು. "ನನ್ ತಲೇಗ್ ಅರಕೆ ಒತ್ತೋಕೆ ನನ್ನ ಕೇಳ್ಬೇಡ್ವಾ?"

"ನಿಮ್ಮನ್ ಕೇಳ್ಕಂಡು ಈ ಮನೇಲಿ ಯಾವ್ ಕೆಲ್ಸ ಆಗೈತೆ?"

ದೊಡ್ಡಮುನಿಯಪ್ಪನವರು ಕನ್ನಡಿಯ ಕಡೆಗೆ ತಿರುಗಿಕೊಂಡರು.

ಮಂಜುಶ್ರೀ ಪೊರಕೆ ತಂದಳು. "ಅತ್ತೆ, ಕೂದ್ಲು ಇಲ್ಲೇ ಬಿದ್ದಿದೆ. ಗುಡಿಸಿ ಒಂದ್ ಕವರಿಗೆ ಹಾಕಿ ಕೊಡ್ಲಾ?"

ನಾಲ್ವರೂ ನೆಲ ನೋಡಿದರು. ಅಪ್ಪನಿಗೆ ಮುಂಚೆ ಬಂದಿದ್ದ ಐಟಿ ಪಾರ್ಕಿನ ಮ್ಯಾನೇಜರೊಬ್ಬರ ಕೂದಲೂ ಅಲ್ಲೇ ಇದೆ ಎಂದ ಲೋಕೇಶ. ಅದೂ ನರೆಯೇ.

"ಬ್ಯಾಡವ್ವ," ಎಂದರು ಅಂಜನಮ್ಮ. "ಕಲಸೋಗೈತೆ. ಪುಣ್ಯ ಆವಯ್ಯಂಗೋಗಿ ಪ್ರಮೋಶನ್ ಆಗ್ಬಿಡ್ತದೆ, ಶಾಪ ನಮ್ಗುಳೀತದೆ."

ಹೀಗೆಂದವರು ನಿಧಾನವಾಗಿ ತಲೆಯೆತ್ತಿದರು. ದೃಷ್ಟಿ ಮಗನ ನೆತ್ತಿಯ ಮೇಲೆ ನಿಂತಿತು.

ಆ ನೆತ್ತಿಯ ವಿಷಯ ಹೇಳಲೇಬೇಕು. ಲೋಕೇಶನದ್ದು ಗುಂಗುರು ಕೂದಲು, ಹಿಂದಕ್ಕೆ ಗಂಟು ಕಟ್ಟಿದ್ದು, ತುದಿಯಲ್ಲಿ ತಾಮ್ರದ ಬಣ್ಣ. ಸ್ನಾನಕ್ಕೆ ಮುಂಚೆ ಮೊಟ್ಟೆ, ಆಮೇಲೆ ಮೊಸರು, ಭಾನುವಾರ ದಾಸವಾಳದ ಅಭಿಷೇಕ. ಅಂಗಡಿಯ ಬೋರ್ಡಿನಲ್ಲಿ ಇರುವುದೂ ಅದೇ ತಲೆಯ ಫೋಟೋ. ಗಿರಾಕಿಗಳು ಅದನ್ನು ನೋಡಿಯೇ ಒಳಗೆ ಬರುತ್ತಿದ್ದುದು.

"ಅಪ್ಪನ ಬದ್ಲು ಮಗ ಕೊಟ್ರೆ ದೇವ್ರು ಬ್ಯಾಡ ಅನ್ನಲ್ಲ," ಎಂದರು ಅಂಜನಮ್ಮ.

ಲೋಕೇಶ ಎರಡೂ ಕೈಯಿಂದ ಗಂಟನ್ನು ಹಿಡಿದುಕೊಂಡ. "ಅಮ್ಮಾ, ಬೋಳು ತಲೆಯವನ ಕೈಗೆ ಯಾರಮ್ಮ ತಲೆ ಕೊಡ್ತಾರೆ? ಅಂಗಡಿ ಮುಚ್ಕೊಂಡ್ ಹೋಗ್ಬೇಕಾಗುತ್ತೆ!"

"ಕೊಡ್ತಾರೆ ಕಣ್ರೀ," ಎಂದಳು ಮಂಜುಶ್ರೀ. "ನಿಮ್ಮನ್ನ ನೋಡಿದ್ಮೇಲೆ ಸ್ವಲ್ಪ ಅಂದ್ರೆ ಎಷ್ಟು ಅಂತ ಅವ್ರೇ ಬೆರಳಿಟ್ಟು ತೋರಿಸ್ತಾರೆ."

"ನೀನೂ ಅವ್ರ ಕಡೇನಾ? ಅಮ್ಮ, ಒಂದೈದು ಎಳೆ ಕೊಟ್ರೆ ಸಾಲ್ದಾ?"

"ಅದು ಎಣ್ಮಕ್ಕಳಿಗೆ. ಗಂಡಸ್ರಿಗೆ ನುಣ್ಣಗೆ."

"ಮುಂದ್ಗಡೆ ಒಂದಿಷ್ಟು ಬಿಟ್ಟು..."

"ದೇವ್ರತ್ರಾನೂ ಚೌಕಾಸಿ ಮಾಡ್ತೀಯೇನೋ?"

"ಅಪ್ಪಾ!" ಲೋಕೇಶನ ದನಿ ಎಳೆಗರುವಿನಂತಾಯಿತು. "ನೀನಾದ್ರೂ ಹೇಳಪ್ಪ!"

ದೊಡ್ಡಮುನಿಯಪ್ಪನವರು ಇನ್ನೂ ಕನ್ನಡಿಯ ಮುಂದೆಯೇ ಇದ್ದರು. ಕಿವಿಯ ಮೇಲಿನ ದಪ್ಪವನ್ನು ಅಂಗೈಯಿಂದ ಒಮ್ಮೆ ಸವರಿ, ಪಂಚೆ ಕೊಡವಿ ಕಟ್ಟಿಕೊಂಡರು.

"ಮುಡಿ ಯಾವಾಗಾರ ಕೊಡು," ಎಂದರು. "ಅದಕ್ಕೆ ಮುಂಚೆ ನನ್ ಜೊತೆಗಾರ್ರಿಗೂ ಇಂಗೇ ಮಾಡ್ಕೊಡ್ಬೇಕು. ಅರಳಿಕಟ್ಟೆ ತಾವ ಕುಂತಿರ್ತಾರೆ, ಕರ್ಕಂಡ್ ಬತ್ತೀನಿ."

"ರೀ, ನಿಲ್ರೀ! ಸೋಮವಾರ ಮನೆದೇವ್ರತ್ರ ಓಗಾಣ ಅಂತಿದ್ದೀನಿ, ನೀವೇನಂತೀರಾ? ಇವ್ನಿಗ್ ಒಂದ್ ಜುಟ್ಟಾರ ಬಿಡ್ಸೋದಾ, ಇಲ್ಲ ನುಣ್ಣಗೇ..."

ಅಂಜನಮ್ಮನವರ ಮಾತು ಮುಗಿಯುವ ಮೊದಲೇ ಅಪ್ಪ ಮೆಟ್ಟಿಲಿಳಿದು ಹೊರಟಿದ್ದರು. ಗಾಳಿ ಬೀಸುತ್ತಿತ್ತು.