ಸೆನ್ಸರ್ ಒಂದು, ಸ್ಥಳೀಯ ತಯಾರಿಕೆ

ಗಣಿಯ ತೀರಾ ಆಳದಲ್ಲಿ, ಬಂಡೆಯ ಮೇಲೆ ಹೆಬ್ಬೆರಳಿಟ್ಟು ಅದರ ಶಾಖ ಇಷ್ಟೇ ಡಿಗ್ರಿ ಎಂದು ಹೇಳಬಲ್ಲವನು ಇಡೀ ಕೆಜಿಎಫ್‌ನಲ್ಲಿ ನಾನೊಬ್ಬನೇ ಇದ್ದೆ. ಥರ್ಮಾಮೀಟರು ತಪ್ಪು ತೋರಿಸಿದರೆ ಅದನ್ನು ನನ್ನ ಬೆರಳಿಗೆ ತಾಗಿಸಿ ಸರಿಮಾಡಿಕೊಳ್ಳುತ್ತಿದ್ದರು. ಇದಕ್ಕೆ ಮೂವರು ಸಾಕ್ಷಿಗಳಿದ್ದರು. ಮೂವರೂ ತೀರಿಕೊಂಡಿದ್ದಾರೆ. ಗಣಿಯೂ ಮುಚ್ಚಿ, ಒಳಗೆ ನೀರು ನಿಂತಿದೆ. ಅನುಮಾನ ಇದ್ದವರು ಇಳಿದು ಹೋಗಿ ಬಂಡೆಯನ್ನೇ ಕೇಳಬಹುದು.

ಈ ಮಾತು ಯಾಕೆ ಬಂತೆಂದರೆ, ಊರಿಗಾಂನಲ್ಲಿರುವ ಲೈನ್ ಮನೆಗಳ ಇತ್ಯರ್ಥ ಕಚೇರಿಯ ಡೀಸೆಲ್ ಕಾರು ಕೆಟ್ಟಿತು.

ಗಣಿ ಕಂಪನಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ಯಾರು ಯಾರು ಇದ್ದಾರೆಂದು ಪತ್ತೆಹಚ್ಚಿ, ಅವರು ಇಲ್ಲವೆಂದು ದಾಖಲಿಸುವುದು ಆ ಕಚೇರಿಯ ಕೆಲಸ. ನಂದಿದುರ್ಗದ ಲೈನಿನಲ್ಲಿ ನಾನೂ ನನ್ನ ಹೆಂಡತಿ ಅಮ್ಮಾಜಮ್ಮನೂ ಇರುವ ಮನೆಗೂ ನೋಟೀಸು ಬಂದಿತ್ತು. ‘ಮನೆ ಇರುವುದು ನಿಜ. ನೀವು ಇರುವುದಕ್ಕೆ ಪುರಾವೆಯಿಲ್ಲ. ತಿಂಗಳ ಕೊನೆಯೊಳಗೆ ಖಾಲಿ ಮಾಡತಕ್ಕದ್ದು.’ ಪುರಾವೆಯಾಗಿ ನಾನೇ ದಿನಾ ಹೋಗಿ ಕಚೇರಿಯ ಜಗಲಿಯಲ್ಲಿ ಕೂರತೊಡಗಿದೆ. ಜಗಲಿಯಲ್ಲಿ ಇರುವವನು ಮನೆಯಲ್ಲಿ ಇಲ್ಲ ಎಂಬುದು ಇದರಿಂದ ಸಾಬೀತಾಯಿತೆಂದು ಗುಮಾಸ್ತೆ ರಾಧಾಮಣಿಯವರು ಬರೆದುಕೊಂಡರು. ಒಳ್ಳೆ ಹೆಂಗಸು. ಬರೆಯುವಾಗ ಕುಡಿಯೋಕೆ ನೀರು ಕೊಟ್ಟಿದ್ದರು.

ಇನ್ನು ಕಾರಿನ ವಿಷಯ. ಅದು ಸೈಕಲ್ಲಿಗಿಂತ ಜೋರಾಗಿ ಹೋಗುವುದನ್ನು ನಿಲ್ಲಿಸಿತ್ತು. ದೊಡ್ಡ ಸಾಹೇಬರಾದ ಶಶಿಧರ್ ಅವರು ದಿನಾ ಸಂಜೆ ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹಿಡಿಯಬೇಕು. ಊರಿಗಾಂನಿಂದಲೇ ಬಂಗಾರಪೇಟೆಗೆ ರೈಲುಂಟು. ಆದರೆ ಅದರಲ್ಲಿ ಸಾರ್ವಜನಿಕರು ಇರುತ್ತಾರೆ.

ರಾಬರ್ಟ್‌ಸನ್‌ಪೇಟೆಯಿಂದ ಮೆಕ್ಯಾನಿಕ್ ಪೆರುಮಾಳ್ ಬಂದು, ಕಾರಿನಡಿ ನುಗ್ಗಿ, ಹೊರಗೆ ಬಂದು ಕೈ ಒರೆಸಿಕೊಂಡ.

“ಸೆನ್ಸರ್ ಪೋಚ್ಚು ಸಾರ್, ಕೆಟ್ಟೋಯ್ತು. ಟರ್ಬೊ ಪಕ್ಕ ಹೊಗೆ ಪೈಪಿಗೆ ಚುಚ್ಚಿರ್ತಾರಲ್ಲ, ಅದು. ಹೊಗೆ ಎಷ್ಟು ಬಿಸಿ ಅಂತ ಒಳಗಿರೋ ಕಂಪ್ಯೂಟರ್‌ಗೆ ಹೇಳೋದು ಅದೇ. ಅದು ಸುಮ್ನಾದ್ರೆ ಕಂಪ್ಯೂಟರ್ ಎದರ್ಕೊಂಡು ಗಾಡೀನ ಓಡೋಕೆ ಬಿಡಲ್ಲ. ಪೈಪ್ ತಣ್ಣಗಾದ ಮೇಲೆ ತುಕ್ಕಿಗೆ ಎಣ್ಣೆ ಬಿಟ್ಟು ತಿರುಗಿಸಿ ತೆಗೆದು, ಹೊಸದು ಹಾಕಿದ್ರೆ ಆಯ್ತು. ಟೀ ಆರೋದ್ರೊಳಗೆ ಮುಗಿಸ್ತೀನಿ.”

“ಟೀ ಆರುವುದರೊಳಗೆ ಮುಗಿಯುವ ಕೆಲಸಕ್ಕೆ ನಮ್ಮಲ್ಲಿ ನಿಯಮ ಇಲ್ಲ” ಎಂದರು ರಾಧಾಮಣಿ.

ಅದು ನಿಜವೇ ಆಗಿತ್ತು. ಕಂಪ್ಯೂಟರಿನ ಜೊತೆ ಮಾತಾಡುವ ಯಾವ ವಸ್ತುವನ್ನು ಕೊಳ್ಳುವುದಕ್ಕೂ ಬೆಂಗಳೂರಿನ ತಾಂತ್ರಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿ ಇನ್ನೂ ರಚನೆಯಾಗಿರಲಿಲ್ಲ. ಅದನ್ನು ರಚಿಸಲು ಸಾಹೇಬರು ಬೆಂಗಳೂರಿಗೆ ಹೋಗಬೇಕು. ಹೋಗಲು ಕಾರು ಬೇಕು.

ಪೆರುಮಾಳನಿಗೆ ರೇಗಿತು. ಕೆಟ್ಟ ಸೆನ್ಸರಿಗೆ ಹೋಗುವ ಎರಡು ವೈರನ್ನು ಕಿತ್ತು ಎತ್ತಿ ಹಿಡಿದು, “ಹಂಗಾದ್ರೆ ಬಿಸಿ ಗೊತ್ತಿರೋರು ಯಾರಾದ್ರೂ ಇದನ್ನ ಇಡ್ಕೊಂಡು ಕೂತ್ಕೊಳ್ರಯ್ಯಾ” ಎಂದ.

ನಾನು ಜಗಲಿಯಿಂದ ಎದ್ದೆ.

ಅವನು ನಗುತ್ತಲೇ ನನ್ನ ಎರಡು ಹೆಬ್ಬೆರಳಿಗೂ ವೈರು ಸುತ್ತಿದ. ಡ್ರೈವರ್ ವೇಣು ಚಾವಿ ತಿರುಗಿಸಿದ. ಎಚ್ಚರಿಕೆಯ ಹಳದಿ ದೀಪ ಆರಿತು. ಕಾರು ಗುರ್ ಎಂದ ಶಬ್ದಕ್ಕೆ ಕಚೇರಿಯ ಹೆಂಚಿನ ಮೇಲಿದ್ದ ಕಾಗೆಗಳೆಲ್ಲ ಎದ್ದು ಆಂಧ್ರದ ಗಡಿ ದಾಟಿ ಹೋದವು. ಇನ್ನೂ ಬಂದಿಲ್ಲ.

ಸಾಹೇಬರೇ ಕೆಳಗಿಳಿದು ಬಂದರು. “ಸೀನಪ್ಪನವರೇ, ಈಗ ಶಾಖ ಎಷ್ಟಿದೆ?”

“ಎಷ್ಟು ಬೇಕು ಸಾರ್?”

“ನಿಯಮದ ಒಳಗೆ ಇದ್ದರೆ ಸಾಕು.”

“ಅದ್ರೊಳಗೇ ಐತೆ.”

ಹಳೆಯ ಸೆನ್ಸರ್ ಯಾವತ್ತೂ ಇಷ್ಟು ವಿನಯವಾಗಿ ಉತ್ತರ ಕೊಟ್ಟಿರಲಿಲ್ಲವೆಂದು ಸಾಹೇಬರು ಮೆಚ್ಚಿಕೊಂಡರು. ತೊಡಕು ಒಂದೇ. ಕಚೇರಿಯಲ್ಲಿ ಹೊಸ ನೇಮಕಾತಿಗೆ ನಿಷೇಧವಿತ್ತು. ಆದರೆ ಸ್ಥಳೀಯವಾಗಿ ತಯಾರಾದ ಬಿಡಿಭಾಗ ಕೊಳ್ಳುವುದಕ್ಕೆ ನಿಷೇಧವಿರಲಿಲ್ಲ. ಆದ್ದರಿಂದ ನನ್ನನ್ನು ನೇಮಿಸಲಿಲ್ಲ, ಖರೀದಿಸಿದರು.

“ತಯಾರಕರ ಹೆಸರು?” ಎಂದರು ರಾಧಾಮಣಿ.

“ನಮ್ಮಪ್ಪ. ಚಿಕ್ಕವೆಂಕಟಪ್ಪ.”

“ವಾರಂಟಿ?”

“ಮುಗಿದೋಗೈತೆ ಅಂತ ಬರ್ಕೊಳಿ ತಾಯಿ.”

“ಅನುಭವ ಏನಾದರೂ?” ಎಂದು ಕೇಳಿ, ತಾವೇ ನಾಲಗೆ ಕಚ್ಚಿಕೊಂಡರು. “ಬಿಡಿಭಾಗಕ್ಕೆ ಆ ಕಾಲಂ ಇಲ್ಲ.”

ವೈರನ್ನು ಉದ್ದ ಮಾಡಿ ನನ್ನನ್ನು ವೇಣುವಿನ ಪಕ್ಕದ ಸೀಟಿನಲ್ಲಿ ಕೂರಿಸಿದರು. ನನಗೆ ಸಂಬಳವಿಲ್ಲ. ಆದರೆ ಸೆನ್ಸರ್ ಬಿಸಿಯಾಗದಂತೆ ದಿನಕ್ಕೆ ಎರಡು ಲೋಟ ಮಜ್ಜಿಗೆ ಮಂಜೂರಾಯಿತು. ಒಂದು ನನಗೆ ಬರುತ್ತಿತ್ತು. ಇನ್ನೊಂದು ಲೆಕ್ಕದಲ್ಲಿ ಇರುತ್ತಿತ್ತು.

ಮೊದಲ ವಾರದಲ್ಲೇ ಒಂದು ತಾಂತ್ರಿಕ ಸತ್ಯ ಹೊರಬಿತ್ತು. ನನಗೆ ಸಿಟ್ಟು ಬಂದರೆ ಕಾರಿನ ಶಾಖ ಏರುತ್ತಿತ್ತು, ದೀಪ ಹತ್ತುತ್ತಿತ್ತು, ಓಟ ಸೈಕಲ್ಲಿಗೆ ಇಳಿಯುತ್ತಿತ್ತು. ಬಂಗಾರಪೇಟೆ ರಸ್ತೆಯಲ್ಲಿ ಯಾವನೋ ಲಾರಿಯವನು ಸುಮ್ಮಸುಮ್ಮನೆ ಹಾರ್ನ್ ಹೊಡೆದ.

“ಲೇ, ಕಣ್ ಕಾಣಲ್ವೇನ್ಲಾ ನಿಂಗೆ!” ಎಂದೆ.

“ತಾತ, ಲೈಟ್ ಬಂತು! ಸಿಟ್ ಮಾಡ್ಕೋಬ್ಯಾಡ, ನಿನ್ ಕಾಲಿಗ್ ಬೀಳ್ತೀನಿ” ಎಂದ ವೇಣು. “ನಿನ್ ಗಣಿ ಕತೆ ಯೋಳು, ಕೇಳ್ತೀನಿ.”

ಕತೆ ಹೇಳಿದೆ. ಕಾರು ಹಾರಿತು. ಆ ದಿನ ನಾವು ಎಷ್ಟು ಬೇಗ ತಲುಪಿದೆವೆಂದರೆ, ಹಿಂದಿನ ದಿನ ತಪ್ಪಿಸಿಕೊಂಡ ರೈಲು ಇನ್ನೂ ನಿಲ್ದಾಣದಲ್ಲೇ ನಿಂತಿತ್ತು.

ಮಾರನೆಯ ದಿನ ಸುತ್ತೋಲೆ ಬಂತು. ‘ವಾಹನದಲ್ಲಿ ಪ್ರಯಾಣಿಸುವ ಯಾವುದೇ ಅಧಿಕಾರಿಯು ಸೆನ್ಸರಿನ ಮಾತಿಗೆ ಎದುರಾಡತಕ್ಕದ್ದಲ್ಲ. ಸೆನ್ಸರ್ ನಗಿಸಲು ಯತ್ನಿಸಿದಾಗ ನಗತಕ್ಕದ್ದು. ಬೆಲೆಯೇರಿಕೆ, ಅಳಿಯಂದಿರು, ಪಿಂಚಣಿ ಮುಂತಾದ ಶಾಖೋತ್ಪಾದಕ ವಿಷಯಗಳನ್ನು ವಾಹನದೊಳಗೆ ಎತ್ತತಕ್ಕದ್ದಲ್ಲ.’

ತಿಂಗಳ ಕೊನೆಯ ದಿನ ಬಂತು. ಬಂಗಾರಪೇಟೆ ಹತ್ತಿರವಾಗುತ್ತಿತ್ತು. ಸಾಹೇಬರು ಹಿಂದಿನ ಸೀಟಿನಲ್ಲಿ, ಸುತ್ತೋಲೆ ಮರೆತು, ಫೋನಿನಲ್ಲಿ ಯಾರಿಗೋ ಹೇಳಿದರು: “ನಂದಿದುರ್ಗದ ಲೈನ್ ತಾನೇ? ನಾಳೆ ಬೆಳಿಗ್ಗೆ ಬೀಗ ಜಡಿಯಿರಿ. ಸಾಮಾನು ಬೀದಿಗೆ ಹಾಕಿ.”

ನನಗೆ ಅಮ್ಮಾಜಮ್ಮ ಬೆಳಿಗ್ಗೆ ಒಲೆಗೆ ಹೊಸದಾಗಿ ಮಣ್ಣು ಬಳಿದದ್ದು ನೆನಪಾಯಿತು, ಅಷ್ಟೆ. ದೀಪ ಹತ್ತಿತು. ಕಾರು ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ದೂರದಲ್ಲಿ ರೈಲು ಕೂಗಿತು.

“ಸೀನಪ್ಪನವರೇ, ತಣ್ಣಗಾಗಿ!”

“ಆಗ್ತಾ ಇಲ್ಲ ಸಾರ್. ಬೆಂಕಿ ಒಳಗಿಂದ ಬತ್ತೈತೆ.”

“ಮಜ್ಜಿಗೆ ಕೊಡಿ ಇವರಿಗೆ!”

“ಮಜ್ಜಿಗೆ ಲೆಕ್ಕದಾಗೆ ಐತೆ ಸಾರ್, ಗಾಡ್ಯಾಗಿಲ್ಲ” ಎಂದ ವೇಣು.

ರೈಲು ಇನ್ನೊಮ್ಮೆ ಕೂಗಿತು. ಸಾಹೇಬರಿಗೆ ಬೆವರು ಕಿತ್ತುಕೊಂಡಿತು. “ನೋಡಿ, ಮನೆಯನ್ನು ನಿಮ್ಮ ಹೆಸರಿಗೆ ಕೊಡುವ ಹಾಗೇ ಇಲ್ಲ. ಮೊದಲು ಪುರಾವೆ ಇರಲಿಲ್ಲ. ಈಗ ಪುರಾವೆ ಇದೆ, ಆದರೆ ನೀವು ಮನುಷ್ಯರಲ್ಲ. ದಾಸ್ತಾನಿನಲ್ಲಿದ್ದೀರಿ.”

“ದಾಸ್ತಾನನ್ನ ಬೀದ್ಯಾಗೆ ಇಡಬೋದಾ ಸಾರ್?”

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಇಷ್ಟು ವರ್ಷದ ಸೇವೆಯಲ್ಲಿ ಯಾವ ಮನುಷ್ಯನೂ ಅವರಿಗೆ ಇಂಥ ಕ್ರಮಬದ್ಧವಾದ ಪ್ರಶ್ನೆ ಕೇಳಿರಲಿಲ್ಲ. ಸರ್ಕಾರಿ ಬಿಡಿಭಾಗವನ್ನು ಸೂರಿನಡಿ, ಒಣಗಿದ ಜಾಗದಲ್ಲಿ ಇಡತಕ್ಕದ್ದೆಂದು ನಿಯಮವೇ ಇದೆ. ವೇಣುವಿನ ಬೆನ್ನ ಮೇಲೆ ಕಾಗದ ಇಟ್ಟು, ನಮ್ಮ ಮನೆಯನ್ನು ‘ಸೆನ್ಸರ್ ಉಗ್ರಾಣ’ ಎಂದು ಘೋಷಿಸಿ ಅಲ್ಲೇ ಸಹಿ ಹಾಕಿದರು. ದೀಪ ಆರಿತು. ರೈಲು ಸಿಕ್ಕಿತು.

ಬೀಗ ಜಡಿಯಲು ಬಂದವರು ಬೀಗದ ಬದಲು ಬೋರ್ಡು ಜಡಿದು ಹೋದರು. ಗೋಡೆಗೆ ಸುಣ್ಣವನ್ನೂ ಬಳಿದರು. ನಲವತ್ತು ವರ್ಷ ಸೀನಪ್ಪ ಕೇಳಿದ್ದ ಸುಣ್ಣ ಅದು. ಸೆನ್ಸರಿಗೆ ಒಂದೇ ದಿನದಲ್ಲಿ ಬಂತು. ಉಗ್ರಾಣದಲ್ಲಿ ಹೆಂಗಸು ಇರುವುದು ಹೇಗೆಂದು ತಪಾಸಣೆಯವರು ತಕರಾರು ತೆಗೆದಾಗ, ರಾಧಾಮಣಿಯವರು ಕೊಂಚ ಯೋಚಿಸಿ ಅಮ್ಮಾಜಮ್ಮನನ್ನು ‘ಪ್ಯಾಕಿಂಗ್’ ಎಂದು ಬರೆದುಕೊಂಡರು. ಅವಳೂ ಒಪ್ಪಿದಳು. “ಇಷ್ಟ್ ವರ್ಷ ಈ ಮನುಷ್ಯ ಒಡೆದೋಗ್ದಂಗೆ ಸುತ್ತಿ ಇಟ್ಟಿರೋಳು ಮತ್ತ್ಯಾರು?” ಎಂದಳು.

ಆಮೇಲೆ ಸಮಿತಿ ರಚನೆಯಾಗಿ, ಹೊಸ ಸೆನ್ಸರೂ ಬಂತು. ಪೆರುಮಾಳ್ ಟೀ ಹೇಳಿ, ಸ್ಪ್ಯಾನರ್ ಹಿಡಿದು ನಿಂತ. ಆದರೆ ಕೆಲಸ ಮಾಡುತ್ತಿರುವ ಬಿಡಿಭಾಗವನ್ನು ಕಿತ್ತರೆ ತಪಾಸಣೆಯವರ ಆಕ್ಷೇಪಣೆ ಬರುತ್ತದೆ. ಆದ್ದರಿಂದ ಹೊಸದನ್ನು ನಮ್ಮ ಮನೆಯ ಗೂಡಿನಲ್ಲಿ ಇರಿಸಿದ್ದಾರೆ. ನನ್ನ ಕಾಲಾನಂತರ ನನ್ನ ಜಾಗ ಅದಕ್ಕೆ ಅನುಕಂಪದ ಆಧಾರದ ಮೇಲೆ ಸಿಗುತ್ತದೆ. ಅಮ್ಮಾಜಮ್ಮ ದಿನಾ ಅದರ ಧೂಳು ಒರೆಸುತ್ತಾಳೆ. ಹಬ್ಬದ ದಿನ ಕುಂಕುಮ ಇಡುತ್ತಾಳೆ.

ಊರಿನವರಿಗೆಲ್ಲ ಇದು ಒಪ್ಪಿಗೆಯಾಗಿದೆ. ಪಕ್ಕದ ಲೈನಿನಲ್ಲಿ ನೋಟೀಸು ಬಂದ ಮುನಿಶಾಮಿ ಈಗ ಹಾರ್ನ್ ಆಗಲು ಅರ್ಜಿ ಹಾಕಿ, ಬೆಳಿಗ್ಗೆ ಎದ್ದು ಕೂಗಿ ಅಭ್ಯಾಸ ಮಾಡುತ್ತಿದ್ದಾನೆ.

ನಿನ್ನೆ ಅವನೂ ಇನ್ನಿಬ್ಬರೂ ಬಂದು, ನಮ್ಮ ಉಗ್ರಾಣದ ಬಾಗಿಲಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದರು. ನಾನು ಬಂಡೆಯ ಮೇಲೆ ಹೆಬ್ಬೆರಳಿಟ್ಟ ಭಾಗಕ್ಕೆ ಮತ್ತೆ ಬಂದಿದ್ದೆ. ಅಮ್ಮಾಜಮ್ಮ ಟೀ ತಂದವಳು ಲೋಟಗಳನ್ನು ಕುಕ್ಕಿದಳು.

“ಯಾವ ಬಂಡೆ? ಯಾವ ಗಣಿ? ಕ್ಲಬ್ಬಿನಾಗೆ ಆಪೀಸರುಗಳ ಗಾಲ್ಫ್ ಚೆಂಡು ಉಡುಕಿ ಕೊಡ್ತಿದ್ದೋನು ನೀನು. ಗಣಿ ಬಾಯಿ ಕಂಡ್ರೆ ಕಾಲು ನಡುಗಿ ಸುತ್ತು ಆಕ್ಕೊಂಡು ಮನೀಗ್ ಬತ್ತಿದ್ದೆ. ಒಂದ್ ದಿನನಾದ್ರೂ ಇಳಿದಿದ್ಯಾ?”

ಮೂವರೂ ನನ್ನ ಮುಖ ನೋಡಿದರು. 

ನಾನು ಭುಜ ಕುಣಿಸಿದೆ.

“ಇರಬೋದು. ಬಿಡಿಭಾಗಕ್ಕೆ ಆ ಕಾಲಂ ಇಲ್ಲ” ಎಂದು ಟೀ ಲೋಟ ಎತ್ತಿಕೊಂಡೆ. ಕೈ ಸುಟ್ಟಿತು. ಕೆಳಗಿಟ್ಟೆ.